ಕೆಳರೆಪ್ಪೆ

ಮೊದಲು ಬಿದ್ದದ್ದು ಮಸೂರ.
ನಲವತ್ತಾರು ವರ್ಷ ಹುಬ್ಬಿಗೂ ಕೆಳರೆಪ್ಪೆಗೂ ನಡುವೆ
ಕೈಬಿಟ್ಟರೂ ಅಲುಗದೆ ಕೂತಿರುತ್ತಿದ್ದ ಕರಿ ಬಟ್ಟಲು
ಟಕ್ಕೆಂದು ಬೆಂಚಿನ ಮೇಲೆ ಉರುಳಿತು.
ಕೂದಲಿಗಿಂತ ಸಣ್ಣ ಸುರುಳಿ ಸ್ಪ್ರಿಂಗು
ಚಿಮ್ಮಿ ನೆಲದ ಹಲಗೆಯ ಬಿರುಕು ಸೇರಿತು.
ಮಂಡಿಯೂರಿ ಹುಡುಕಿದೆ. ಸಿಗಲಿಲ್ಲ.
ಆಯುಸ್ಸಿನಲ್ಲಿ ಹಾಗೆ ಕಳೆದದ್ದು ಮೂರೇ ಮೂರು.

ಆಮೇಲೆ ನೀರು.
ಬಲಗಣ್ಣಿನ ರೆಪ್ಪೆ ಹಳೇ ಕೋಟಿನ ಜೇಬಿನಂತೆ ಜೋತು
ಒಳಗಿನ ಕೆಂಪು ಅಸ್ತರು ಹೊರಗೆ.
ಲೆ ಲೊಕ್ಲ್‌ನಲ್ಲಿ ಏಪ್ರಿಲ್‌ವರೆಗೂ ಹಲ್ಲು ಮಸೆಯುವ
ಜುರಾ ಬೆಟ್ಟದ ಗಾಳಿ
ಹುಡುಕಿಕೊಂಡು ಬಂದು ಆ ಕೆಂಪಿಗೇ ಉಪ್ಪು ಸವರುತ್ತಿತ್ತು.
ಕಣ್ಣು ಒಣಗಿದೆ, ಅದಕ್ಕೇ ನೀರು ಸುರಿಸುತ್ತದೆ, ಎಂದರು.
ಇದೊಳ್ಳೆ ಲೆಕ್ಕ. ಬತ್ತಿದ್ದಕ್ಕೇ ಕೋಡಿ!

ಬೇಕರಿಯ ನಾದೆಜ್ ಎರಡು ಬನ್ನು ಹೆಚ್ಚಿಗೆ ಹಾಕಿ
'ಧೈರ್ಯ ತಂದುಕೊಳ್ಳಿ ಮದಾಂ ಪೆರ್ನೂ' ಎನ್ನುವಳು.
ಬಸ್ಸಿನಲ್ಲಿ ಪುಂಡ ಹುಡುಗರೂ ಎದ್ದು ಜಾಗ ಬಿಡುವರು.
ಪಾದ್ರಿ ಒಮ್ಮೆ ತಾನಾಗೇ ಬಂದ,
ಒಂದು ಗಂಟೆ ಕೂತ, ಪೇರುಹಣ್ಣಿನ ಸಾರಾಯಿ ಕುಡಿದ,
ಯಾವ ದುಃಖವೆಂದು ಕೇಳಲು ನಾಚಿ ಎದ್ದುಹೋದ.

ಎದ್ಮೋನ್ ತೀರಿಕೊಂಡಾಗ ಇಡೀ ಊರು ಕಂಡದ್ದು
ನನ್ನ ಬಲಗೆನ್ನೆ. ಗಂಡನೆಂದರೆ ಎಷ್ಟು ಜೀವ, ಎಂದರು.
ಎಡಗೆನ್ನೆ ಯಾರೂ ನೋಡಲಿಲ್ಲ.
ಮೊಸಳೆಯದಲ್ಲ ಆ ಕಣ್ಣೀರು, ನನ್ನದೂ ಅಲ್ಲ.
ಸಡಿಲಾದ ಒಂದು ಪಟ್ಟಿಯದು.

ನ್ಯೂಶಾತೆಲ್ ಆಸ್ಪತ್ರೆ, ಮಂಗಳವಾರ, ಬೆಳಿಗ್ಗೆ ಏಳೂವರೆ.
ಎಳೆಯವಳಿದ್ದಾಗಲೇ ಕೊಸೊವೊ ಬಿಟ್ಟುಬಂದ ಡಾಕ್ಟರ್ ಬೆರಿಶಾ
ಬೆರಳಲ್ಲಿ ರೆಪ್ಪೆ ಕೆಳಗೆಳೆದು ಬಿಟ್ಟಳು.
ಅದು ಪುಟಿದು ಹಿಂದೆ ಹೋಗಲಿಲ್ಲ.
'ಸ್ಪ್ರಿಂಗು ಸತ್ತಿದೆ' ಎಂದೆ.
ನಕ್ಕಳು. ಸೂಜಿ. ಕೆನ್ನೆ ಮರಗಟ್ಟಿತು.

ಕಣ್ಣಿನ ಹೊರಮೂಲೆ ಸೀಳಿದ್ದು ನೋಯಲಿಲ್ಲ, ಕೇಳಿಸಿತು,
ಒದ್ದೆ ಬಟ್ಟೆಗೆ ಕತ್ತರಿ ಹಾಕಿದ ಹಾಗೆ.
ಮೇಲೆ ಬಾಗಿದ ಮುಖಕ್ಕೆ ಎರಡೆರಡು ಮಸೂರ!
ಹೊಟ್ಟೆಕಿಚ್ಚಾಯಿತು, ಸುಳ್ಳು ಯಾಕೆ.
ಆದರೆ ಅವಳವು ಕನ್ನಡಕದ ಚೌಕಟ್ಟಿಗೆ ಕಚ್ಚಿಸಿದವು,
ರೆಪ್ಪೆ ಹಿಡಿದದ್ದಲ್ಲ.
'ಎಷ್ಟು ತೆಗೆಯುತ್ತೀರಿ?'
'ನಾಲ್ಕು ಮಿಲಿಮೀಟರು.'
ನಾಲ್ಕು!
ಒಂದು ಮಿಲಿಮೀಟರಿನ ನೂರನೆಯ ಪಾಲಿಗೆ
ಇಡೀ ಮಧ್ಯಾಹ್ನ ಉಸಿರು ಬಿಗಿಹಿಡಿದವಳು ನಾನು.
ನಾಲ್ಕೆಂದರೆ ನನಗೆ ಒಂದು ಹೊಲ.

ಎಲುಬಿನಂಚಿಗೆ ಹೊಲಿಗೆ ಹಾಕಿ, ಗಂಟು ಬಿಗಿಯುವ ಮುಂಚೆ
ನನ್ನನ್ನು ಎಬ್ಬಿಸಿ ಕೂರಿಸಿದಳು.
ಮಲಗಿದ ಮುಖ ಸುಳ್ಳು ಹೇಳುತ್ತದಂತೆ.
ಕೈಗಡಿಯಾರವೂ ಹಾಗೇ ತಾಯಿ:
ಅಂಗಾತ ಇಟ್ಟರೆ ಒಂದು ವೇಳೆ, ನೆಟ್ಟಗೆ ನಿಲ್ಲಿಸಿದರೆ ಇನ್ನೊಂದು.
ಎಲ್ಲ ಭಂಗಿಯಲ್ಲೂ ಒಂದೇ ಮಾತಾಡಿದ ಮೇಲೇ
ಮುಚ್ಚಳ ಹಾಕಬೇಕು.
ಕನ್ನಡಿ ಕೊಟ್ಟರು.
'ಇನ್ನೊಂದು ಕೂದಲೆಳೆ' ಎಂದೆ.
ಅವಳು ನನ್ನ ಮಾತು ನಡೆಸಿಕೊಟ್ಟಳು. ಇದನ್ನು ಮರೆಯಲಾರೆ.

ನೀಲಿ ಹಳದಿಯಾಗಿ, ಹಳದಿ ಮಾಯವಾಗಿ, ಕೆನ್ನೆ ಒಣಗಿತು.
ನಾದೆಜ್ ಕೇಳಿದಷ್ಟೇ ಬನ್ನು ಕೊಟ್ಟು ಚಿಲ್ಲರೆ ಎಣಿಸಿದಳು.
ಬಸ್ಸಿನಲ್ಲಿ ನಿಂತೇ ಬಂದೆ.
ಹತ್ತು ವರ್ಷ ತಪ್ಪು ವಿಳಾಸಕ್ಕೆ ಬರುತ್ತಿದ್ದ ಅಂಚೆ ಅದು,
ನಿಜ. ಆದರೂ ಒಡೆದು ಓದುತ್ತಿದ್ದೆನಲ್ಲ.

ಒಂದು ಸಂಜೆ, ಅಡುಗೆಮನೆಯಲ್ಲಿ, ಎದ್ಮೋನ್‌ನ ಚರ್ಮದ ಚಪ್ಪಲಿ
ಒಲೆಯ ಹಿಂದೆ ಸಿಕ್ಕಿತು. ಒಂದೇ ಕಾಲಿನದು.
ಎಡಗಣ್ಣು ಮೊದಲಿಟ್ಟಿತು.
ಬಲಗಣ್ಣು ಹೊಸದಾಗಿ ಕೆಲಸಕ್ಕೆ ಸೇರಿದವಳಂತೆ
ಸುತ್ತ ನೋಡಿ, ತಡೆದು, ಆಮೇಲೆ ಕೈಜೋಡಿಸಿತು.

ಈಗ ಮಸೂರ ಕೂತಿದೆ. ಕೈ ಬಿಟ್ಟಿದ್ದೇನೆ.
ಆ ಸ್ಪ್ರಿಂಗು ಬಿರುಕಿನಲ್ಲಿ ಎಲ್ಲೋ ಇರಲೇಬೇಕು.
ನಾಳೆ ಬಡಗಿಯನ್ನು ಕರೆಸಿ
ಹಲಗೆ ಕೀಳಿಸುತ್ತೇನೆ.